ಸೊಂಟಕ್ಕೆ ಒಪ್ಪಿದ ಪಿಸ್ತೂಲು

ಸೊಂಟಕ್ಕೆ ಏನನ್ನಾದರೂ ಸಿಕ್ಕಿಸಿಕೊಂಡು ಓಡಾಡುವುದರಲ್ಲಿ ಗಂಡಸರಿಗೆ ಅದೇನೋ ಸುಖ. ಕೊಡವರು ಕುಪ್ಯ ತೊಟ್ಟು, ಚೇಲೆ ಬಿಗಿದು, ಮುಂದೆ ಪೀಚೆಕತ್ತಿ ಸಿಕ್ಕಿಸಿದರೆಂದರೆ ನಿಲ್ಲುವ ಭಂಗಿಯೇ ಬದಲಾಗುತ್ತದೆ. ನಮ್ಮ ಬಯಲುಸೀಮೆಯ ಅಜ್ಜಂದಿರು ಬರೀ ಎಲೆಯಡಿಕೆ ಸಂಚಿಯಲ್ಲೇ ಅಷ್ಟು ಗತ್ತು ತೋರಿಸುತ್ತಿದ್ದರು. ನನ್ನ ಸೋದರಮಾವನ ಸೊಂಟದಲ್ಲಿ ಮಾತ್ರ ನಿಜವಾದ ರಿವಾಲ್ವರ್ ಇತ್ತು. ಸಬ್‌ಇನ್‌ಸ್ಪೆಕ್ಟರ್ ಆಗಿ ಪೊಲೀಸ್ ಇಲಾಖೆ ಸೇರಿ, ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು ಅವರು. ಆ ರಿವಾಲ್ವರಿನ ಕಥೆ ಹೇಳಿ ಎಂದರೆ ಸಿನಿಮಾದ್ದೇನೂ ಸಿಗುವುದಿಲ್ಲ. “ಕೂತರೆ ಪಕ್ಕೆಗೆ ಒತ್ತೋದು ಕಣೋ. ಜೀಪಿನಲ್ಲಂತೂ ಪ್ರಾಣ ಹೋಗೋದು,” ಅನ್ನುತ್ತಾರೆ.

ಅವರ ಮೊಮ್ಮಗ ಟೆಕ್ಸಾಸಿನಲ್ಲೇ ಹುಟ್ಟಿ ಬೆಳೆದವನು. ಅಲ್ಲಿ 2021ರ ಸೆಪ್ಟೆಂಬರ್‌ನಿಂದ, 21 ವರ್ಷ ತುಂಬಿದ, ಕಾನೂನಿನ ತಡೆಯಿಲ್ಲದ ಯಾರಾದರೂ ಪರವಾನಗಿ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ತಿರುಗಬಹುದು. ಹುಡುಗನಿಗೂ ಒಂದು ಬೇಕೆನಿಸಿದೆ. ವಿಡಿಯೊ ಕಾಲ್‌ನಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ, “ತಾತ, ಯಾವುದು ಜಾಸ್ತಿ ಪವರ್‌ಫುಲ್?”

ಇದೇ ಪ್ರಶ್ನೆಯ ಬೆನ್ನು ಹತ್ತಿ ಎಫ್‌ಬಿಐನಂಥ ಎಫ್‌ಬಿಐ ಮೂರು ದಶಕ ಸುತ್ತಿ ಬಂದಿದೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಅದರ ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ದರೋಡೆಕೋರನೊಬ್ಬನ ಎದೆ ಹೊಕ್ಕ 9 ಎಂ.ಎಂ. ಗುಂಡು ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಆತ ಆಮೇಲೂ ಗುಂಡು ಹಾರಿಸುತ್ತಲೇ ಇದ್ದ. ತಪ್ಪು ಗುಂಡಿನದು ಎಂಬ ತೀರ್ಮಾನಕ್ಕೆ ಬಂದ ಇಲಾಖೆ 10 ಎಂ.ಎಂ. ಹಿಡಿಯಿತು. ಅದರ ಒದೆತ ಬಹಳ ಜನಕ್ಕೆ ತಡೆಯಲಾಗಲಿಲ್ಲ. ಮದ್ದು ಕಡಿಮೆ ಮಾಡಿದರು. ಅಷ್ಟು ಕಡಿಮೆಯಾದ ಮೇಲೆ ಅಷ್ಟುದ್ದದ ತೋಟಾ ಯಾಕೆಂದು 1990ರಲ್ಲಿ ಗಿಡ್ಡನೆಯ ಪಾಯಿಂಟ್ 40 ಇಂಚಿನ ತೋಟಾ ಹುಟ್ಟಿತು. ಅಮೆರಿಕದ ಠಾಣೆಗಳೆಲ್ಲ ಅದಕ್ಕೆ ಮುಗಿಬಿದ್ದವು. ಅಷ್ಟರಲ್ಲಿ ಗುಂಡು ತಯಾರಿಸುವ ವಿದ್ಯೆಯೇ ಸುಧಾರಿಸಿ, 2016ರ ಹೊತ್ತಿಗೆ ಎಫ್‌ಬಿಐ ಮರಳಿ 9 ಎಂ.ಎಂ.ಗೇ ಬಂತು. ಒದೆತ ಕಡಿಮೆ, ಗುಂಡು ಹೆಚ್ಚು ಹಿಡಿಯುತ್ತದೆ, ಹೆಚ್ಚಿನವರು ಬೇಗ ಬೇಗ ಗುರಿಗೆ ಹೊಡೆಯುತ್ತಾರೆ. ನನ್ನನ್ನು ಕೇಳಿದರೆ, ಕಾಲು ತೂರಿಸಿ ನೋಡದೆ ತೊಗಲಿನ ದಪ್ಪ ಮುಟ್ಟಿ ಚಪ್ಪಲಿ ಕೊಂಡವರ ಪಾಡು ಇದು.

ಕೈಯನ್ನೂ ಸೊಂಟವನ್ನೂ ಲೆಕ್ಕಕ್ಕೆ ಹಿಡಿದವನು ಆಸ್ಟ್ರಿಯಾದ ಗಾಸ್ಟನ್ ಗ್ಲಾಕ್. ಅದುವರೆಗೆ ಆತ ಮಾಡುತ್ತಿದ್ದುದು ಪರದೆಯ ಸರಳು, ಸೈನ್ಯಕ್ಕೆ ಚಾಕು. ಕೋವಿಯ ಕಸುಬು ಗೊತ್ತಿಲ್ಲದ್ದೇ ಒಳ್ಳೆಯದಾಯಿತೇನೋ. ಪ್ಲಾಸ್ಟಿಕ್ ಮೈಯ, ಸುಮಾರು 625 ಗ್ರಾಂ ತೂಕದ, 17 ಗುಂಡು ಹಿಡಿಯುವ ಪಿಸ್ತೂಲು ಮಾಡಿಟ್ಟ. 1982ರಲ್ಲಿ ಆಸ್ಟ್ರಿಯಾದ ಸೈನ್ಯ ಅದನ್ನೇ ಆರಿಸಿತು. ಅಮೆರಿಕನ್ನರು ಪೂಜಿಸುವ ಕೋಲ್ಟ್ 1911 ಬರಿದಾಗಿರುವಾಗಲೇ ಒಂದು ಕಿಲೊ ದಾಟುತ್ತದೆ, ಹಿಡಿಯುವುದು ಏಳೇ ಗುಂಡು. ನೋಡಲು ಕೋಲ್ಟ್ ಚೆಲುವೆ, ಗ್ಲಾಕ್ ಇಟ್ಟಿಗೆ. ಆದರೆ ಹಗಲೆಲ್ಲ ಹೊರುವವನಿಗೆ ಚೆಲುವು ಎಷ್ಟು ಹೊತ್ತು? 1993ರಲ್ಲಿ ನ್ಯೂಯಾರ್ಕ್ ಪೊಲೀಸರು ರಿವಾಲ್ವರ್ ಬಿಟ್ಟು ಗ್ಲಾಕ್‌ನಂಥ 9 ಎಂ.ಎಂ. ಪಿಸ್ತೂಲುಗಳಿಗೆ ಹೊರಳತೊಡಗಿದರು. ಬೆರಳು ತಾಗಿದರೆ ಎಲ್ಲಿ ಹಾರಿಬಿಡುತ್ತದೋ ಎಂದು ಹೆದರಿ, ಐದು ಕಿಲೊಗೂ ಮಿಕ್ಕ ಬಲ ಹಾಕಿದರಷ್ಟೇ ಎಳೆಯಬಹುದಾದ ಟ್ರಿಗರ್ ಕೂರಿಸಿಕೊಂಡರು. ಅಷ್ಟು ಜೋರಾಗಿ ಎಳೆದರೆ ಕೈ ಅಲುಗದೆ ಇದ್ದೀತೆ? ಭಯಕ್ಕೆ ಪರಿಹಾರ ತರಬೇತಿ. ಬಿಗಿ ಸ್ಪ್ರಿಂಗು ಅಗ್ಗ, ಅಷ್ಟೇ.

ನಮ್ಮಲ್ಲಿ ಆಯ್ಕೆಯ ತಲೆನೋವು ಕಡಿಮೆ. 9 ಎಂ.ಎಂ., ಪಾಯಿಂಟ್ 38 ಎರಡೂ ಜನಸಾಮಾನ್ಯರಿಗೆ ನಿಷಿದ್ಧ. ಲೈಸೆನ್ಸ್ ಸಿಕ್ಕವರು ಹೆಚ್ಚಾಗಿ ಪಾಯಿಂಟ್ 32ಕ್ಕೆ ತೃಪ್ತರಾಗುತ್ತಾರೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರ್ ತಂದಿತು. ತೂಕ ಅರ್ಧ ಕಿಲೊ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಅದನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟವಳು ಬೀದಿಯ ಪುಂಡರಿಗಿಂತ ಮೊದಲು ಬ್ಯಾಗುಗಳ್ಳರಿಗೆ ಹೆದರಬೇಕು. ಇನ್ನು ಚುನಾವಣೆ ಘೋಷಣೆಯಾದರೆ ಹಲವರು ಕೋವಿ, ರಿವಾಲ್ವರ್ ಠಾಣೆಗೆ ಒಪ್ಪಿಸಿ ರಸೀದಿ ತರಬೇಕಾಗುತ್ತದೆ. ಮತದಾನ ಮುಗಿಯುವ ತನಕ ಕಾಡುಹಂದಿಗಳೂ ನೀತಿಸಂಹಿತೆ ಪಾಲಿಸುತ್ತವೆಯೇ ಎಂದು ಮಲೆನಾಡಿನ ತೋಟದವರು ಗೊಣಗುವುದು ನ್ಯಾಯವೇ.

ಮಾವ ಮೊಮ್ಮಗನಿಗೆ ಇದ್ಯಾವುದನ್ನೂ ಹೇಳಲಿಲ್ಲ. “ಪವರ್ ಆಮೇಲೆ. ನಿಂಗೆ ನಿಜವಾಗ್ಲೂ ಬೇಕಾ ಅಂತ ಮೊದಲು ಯೋಚ್ನೆ ಮಾಡು. ಬೇಕೇ ಬೇಕು ಅಂದ್ರೆ ಬೆಲ್ಟಿಂದ ಶುರು ಮಾಡು,” ಅಂದರು. ಹುಡುಗ ನಕ್ಕ. ಅವರು ಬಿಡಲಿಲ್ಲ: ಒಂದೂವರೆ ಇಂಚು ಅಗಲದ್ದಿರಬೇಕು, ಗಟ್ಟಿ ತೊಗಲಿನದಿರಬೇಕು, ಭಾರಕ್ಕೆ ಮಡಚಿಕೊಳ್ಳಬಾರದು. ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಬೇಕು. ಎರಡನ್ನೂ ಕಟ್ಟಿಕೊಂಡು, ಒಳಗೆ ಪಿಸ್ತೂಲಿನಷ್ಟೇ ತೂಕದ ಏನನ್ನಾದರೂ ಇಟ್ಟುಕೊಂಡು ಒಂದು ವಾರ ಕಾರು ಓಡಿಸು, ಬಗ್ಗಿ ಶೂ ಕಟ್ಟು, ಪಾಯಿಖಾನೆಗೆ ಹೋಗು.

“ಪಾಯಿಖಾನೆಗಾ ತಾತ?”

“ಹೂಂ ಮತ್ತೆ. ಪ್ಯಾಂಟು ಇಳಿಸಿದಾಗ ಅದನ್ನ ಎಲ್ಲಿಡ್ತೀಯ ಅಂತ ಅಂಗಡಿಯವನು ಹೇಳಿಕೊಡಲ್ಲ.”

ಹುಡುಗ ಈಗ ಬೆಲ್ಟ್ ಕೊಂಡಿದ್ದಾನೆ. ಪಿಸ್ತೂಲು ಇನ್ನೂ ಕೊಂಡಿಲ್ಲ.