ಪೇಟಿ ಮ್ಯಾಲ, ನಾವು ಕೆಳಗ

ಭಜನೆ ಎಂದರೆ ಮುದುಕರು ಹೊತ್ತು ಕಳೆಯುವ ಕೆಲಸ ಎಂದು ತಿಳಿದವರು ಒಮ್ಮೆ ನಮ್ಮ ಮ್ಯಾಳದ ಸಂಗಡ ಶಹಾಬಾದದಿಂದ ಚಿಂಚೋಳಿ ತನಕ ಬರಬೇಕು. ಹಗಲೆಲ್ಲ ಫರಸಿ ಕಲ್ಲು ಎಬ್ಬಿಸಿದ ಕೈ ರಾತ್ರಿ ತಾಳ ಹಿಡಿಯುತ್ತದೆ. ಸಿಮೆಂಟಿನ ಧೂಳು ಕುಡಿದ ಎದೆ ಕೋಳಿ ಕೂಗುವ ತನಕ ಹಾಡುತ್ತದೆ. ವಾರವೆಲ್ಲ ಮಾಲಕರದು; ಶನಿವಾರ ರಾತ್ರಿ, ಐತವಾರ ರಾತ್ರಿ ಮಾತ್ರ ನಮ್ಮವು.

ನಾವು ಎಂಟು ಮಂದಿ. ಒಂದು ಪೇಟಿ, ಒಂದು ಜೋಡಿ ತಬಲಾ, ಎರಡು ಜೋಡಿ ತಾಳ, ಒಂದು ದಮ್ಮಡಿ, ಒಂದು ಏಕತಾರಿ. ಮೂವರು ಕಲ್ಲಿನ ಖಣಿಯವರು, ಇಬ್ಬರು ವಾಡಿಯಲ್ಲಿ ಗುತ್ತಿಗೆ ಕೂಲಿಗಳು, ಒಬ್ಬ ಹಮಾಲ. ಪೇಟಿ ಬಾರಿಸುವ ಕಾಕಾ. ಮನೆತನದಲ್ಲಿ ಮೊದಲು ಬಿ.ಎ. ಆಗಿ ಕವಿತೆ ಬರೆಯುವವ ಒಬ್ಬ; ಈ ಬರಹದ ಕೈ ಅವನದು, ಮಾತು ಎಲ್ಲರದು.

ಕಾಕಾಗೆ ಅಕ್ಷರ ಬರುವುದಿಲ್ಲ. ನೂರಾರು ಪದ ಬಾಯಿಗೆ ಬರುತ್ತವೆ. ಕಡಕೋಳ ಮಡಿವಾಳಪ್ಪನ ಪದ, ಅವನ ಶಿಷ್ಯ ಚನ್ನೂರ ಜಲಾಲಸಾಹೇಬನ ಪದ. ಗುರು ಒಂದು ಜಾತಿ, ಶಿಷ್ಯ ಒಂದು ಧರ್ಮ. ಏಕತಾರಿಗೆ ಮಾತ್ರ ಒಂದೇ ತಂತಿ. ಕಾಕಾ ಗಾಡಿಯಲ್ಲಿ ಹೇಳುತ್ತಾ ಹೋಗುವುದು, ನಾವು ವಹಿಯಲ್ಲಿ ಬರೆದುಕೊಳ್ಳುತ್ತಾ ಹೋಗುವುದು.

ವಾಡಿಯಲ್ಲಿ ಗಾಡಿ ಬದಲಿಸಬೇಕು. ಇಲ್ಲಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಶುರುವಾದದ್ದು 1874ರಲ್ಲಿ. ಚಿತ್ತಾಪುರ ಬಂದಾಗ ಸನ್ನತಿಯ ಮಾತು ಬಂತು. ಅದು ಇದೇ ತಾಲ್ಲೂಕಿನ ಊರು, ಭೀಮೆಯ ದಂಡೆ. 1986ರಲ್ಲಿ ಅಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠಕ್ಕೆ ಹಾಕಿದ್ದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ! ಎಷ್ಟು ಕಾಲ ಆ ಅಕ್ಷರಗಳ ಮೇಲೆ ದೇವಿ ಕುಂತಿದ್ದಳೋ.

ಮುಂದೆ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಓದು ಬಾರದೆಯೂ ಕಾವ್ಯ ಕಟ್ಟಬಲ್ಲ ಜನರ ಹೊಗಳಿಕೆ ಇದೆ ಎಂದು ಕಾಕಾಗೆ ಹೇಳಿದೆವು. ಕಾಕಾ ನಕ್ಕ. "ಹಾಂಗಿದ್ರ ನಮ್ಮ ಬಗ್ಗೇನ ಬರದಾರ ಬಿಡು. ಹೆಸರು ಹಾಕೋದು ಮರತಾರ."

ಸೇಡಂನಲ್ಲಿ ಇಳಿದು ಬಸ್ಸು ಹಿಡಿದೆವು. ಚಿಂಚೋಳಿಗೆ ರೈಲಿಲ್ಲ. ಎರಡೂ ಕಡೆ ಕೊಯ್ಲಿಗೆ ಬಂದ ತೊಗರಿ. ಪೇಟಿ ನಮ್ಮ ತೊಡೆಯ ಮೇಲೆ.

ಚಿಂಚೋಳಿಯ ಆಚೆಯ ಒಂದು ಹಳ್ಳಿ. ಹೆಸರು ಬ್ಯಾಡ, ಅಂಥವು ಬಾಳ ಅದಾವ. ಕೇರಿಯವರು ಪಟ್ಟಿ ಎತ್ತಿ ನಮ್ಮನ್ನು ಕರೆಸಿದ್ದರು. ಭಜನೆ ಗುಡಿಯ ಕಟ್ಟೆಗೆ ಎಂದು ಊರ ಹಿರಿಯರು ಒಪ್ಪಿದ್ದರು. ಹೋದೆವು. ಹಿರಿಯರೊಬ್ಬರು ಬಹಳ ಮರ್ಯಾದೆಯಿಂದಲೇ ಹೇಳಿದರು:

"ಪೇಟಿ, ತಬಲಾ ಮ್ಯಾಲ ಇಡ್ರಿ, ಮೈಕ್ ಅಲ್ಲೇ ಅದ. ನೀವು ಕೆಳಗ ತಾಡಪತ್ರಿ ಮ್ಯಾಲ ಕುಂದರ್ರಿ."

ಕಾಕಾ ಕೈ ಮುಗಿದ. "ಗೌಡ್ರ, ಪೇಟಿಗಿ ಕೈ ಇಲ್ರಿ. ಅದು ಮ್ಯಾಲ ಕುಂತ್ರ ನಾ ಕೆಳಗಿಂದ ಹ್ಯಾಂಗ ಬಾರಸಲಿ?"

"ಮೊದಲಿಂದ ಹಿಂಗೇ ನಡದದ."

ತಬಲಾದ ತೊಗಲು ಸತ್ತ ಆಡಿನದು. ಸತ್ತ ಆಡು ಕಟ್ಟೆ ಹತ್ತಬಹುದು. ಅದನ್ನು ಸುಲಿದು ಹದ ಮಾಡುವ ಜನ, ಬದುಕಿರುವವರು, ಹತ್ತಬಾರದು. ಇದಕ್ಕೆ ಯಾವ ಶಾಸ್ತ್ರ?

ನಮ್ಮೊಳಗೇ ಜಗಳ ಬಿತ್ತು. "ಕೇಸ್ ಹಾಕೂನು" ಎಂದ ಹಮಾಲ. ಸಂವಿಧಾನದ 17ನೆಯ ವಿಧಿ, 1955ರ ಕಾಯ್ದೆ, 1989ರ ಕಾಯ್ದೆ, ನಮ್ಮ ಬಿ.ಎ.ಗೆ ಎಲ್ಲ ಗೊತ್ತು. ಕೇರಿಯ ಮುದುಕಿಯೊಬ್ಬಳು ಕೇಳಿದಳು: "ನೀವು ನಾಡದ ಗಾಡಿ ಹತ್ತತೀರಿ ಯಪ್ಪಾ. ನಾಳಿ ತೊಗರಿ ಕೊಯ್ಯಾಕ ನಮ್ಮನ್ನ ಯಾರ್ ಕರೀತಾರ?" ಆ ಪ್ರಶ್ನೆಗೆ ನಮ್ಮ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಕಾಕಾ ಪೇಟಿಗೆ ಅರಿವೆ ಸುತ್ತಿದ. "ಹಾಡ್ತೀವಿ. ಇಲ್ಲಿ ಅಲ್ಲ."

ಕೇರಿಯ ಬೇವಿನ ಗಿಡದ ಕೆಳಗೆ ಕುಂತೆವು. ಮೈಕಿಲ್ಲ. ಗುರುವಿನ ಪದದಿಂದ ಶುರು. ದೇಹ ಎಲ್ಲರದೂ ಒಂದೇ ಎನ್ನುವ ಪದಗಳನ್ನು ಅವತ್ತು ಹಾಡಿದಂತೆ ನಾವು ಎಂದೂ ಹಾಡಿರಲಿಲ್ಲ. ನಡುರಾತ್ರಿ ಊರೊಳಗಿನ ನಾಕಾರು ಹುಡುಗರು ಬಂದರು. ಮೊದಲು ದೂರ ನಿಂತರು. ಆಮೇಲೆ ಮಣ್ಣಿನ ಮೇಲೆ ಕುಂತರು. ಒಬ್ಬ ತಾಳ ಕೇಳಿ ಇಸಕೊಂಡ. ಮುದುಕಿ ಎಲ್ಲರಿಗೂ ಚಹಾ ಕೊಟ್ಟಳು, ಅವರು ಕುಡಿದರು.

ಮಂಗಳಾರತಿ ಆಗಿ ಬೆಳಕಾದಾಗ ಅವರು ತಮ್ಮ ಓಣಿಗೆ ಹೋದರು. ಕಟ್ಟೆ ಇದ್ದಲ್ಲೇ ಇದೆ. ಅದು ಒಂದು ರಾತ್ರಿಯ ಪದಕ್ಕೆ ಕರಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ತಾಳ ಇಸಕೊಂಡ ಹುಡುಗ ಬಂದದ್ದು ಸುಳ್ಳಲ್ಲ.

ಐತವಾರ ಮುಲ್ಲಾಮಾರಿ ಹೊಳೆಯ ದಂಡೆಗೆ ಕೂತು ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಾ ಎಂಟೂ ಮಂದಿ ಒಂದು ಕರಾರು ಮಾಡಿಕೊಂಡೆವು. ಪದದ ವಹಿಯ ಮೊದಲ ಹಾಳೆಯಲ್ಲಿ ಅದನ್ನು ಬರೆದೆವು. ಕಾಕಾ ಹೆಬ್ಬೆಟ್ಟು ಒತ್ತಿದ. ಪೇಟಿ ಎಲ್ಲಿ ಕೂಡುತ್ತದೋ ನಾವೂ ಅಲ್ಲೇ ಕೂಡುತ್ತೇವೆ. ಕರೆಯಲು ಬಂದವರಿಗೆ ದಾರಿಖರ್ಚಿನ ಮಾತಿಗೂ ಮೊದಲು ಇದನ್ನೇ ಹೇಳುತ್ತೇವೆ. ಇದರಿಂದ ಕೆಲವು ಊರು ತಪ್ಪುತ್ತವೆ, ತಪ್ಪಲಿ.

ಸೇಡಂ, ಚಿತ್ತಾಪುರ ಕಡೆ ಹಾಡುವ ಉಳಿದ ಮ್ಯಾಳದ ಅಣ್ಣ ತಮ್ಮಂದಿರೇ, ನಿಮ್ಮ ವಹಿಯಲ್ಲೂ ಒಂದು ಹಾಳೆ ಖಾಲಿ ಇದ್ದೀತು. ಬರಕೊಳ್ರಿ. ಒಂದು ಮ್ಯಾಳ ಬರದಿದ್ದರೆ ಊರು ಇನ್ನೊಂದನ್ನು ಕರೆಯುತ್ತದೆ. ಯಾವ ಮ್ಯಾಳವೂ ಬರದಿದ್ದರೆ ಏನು ಮಾಡುತ್ತದೆ, ನೋಡೂನು.