ಹಸಿ ಕಟ್ಟಿಗೆಯ ತೊಟ್ಟಿಲು

ಮೊಮ್ಮಗು ಹುಟ್ಟುವ ಮೊದಲೇ ತೊಟ್ಟಿಲು ಸಿದ್ಧವಿರಬೇಕೆಂಬುದು ನನ್ನ ಹಂಬಲ. ಅದೂ ಕಲಘಟಗಿಯ ತೊಟ್ಟಿಲಿನಂತೆ ಸಾಗವಾನಿಯದು, ಅರಗಿನ ಬಣ್ಣದ್ದು, ಚರಕಿಯಲ್ಲಿ ಕಡೆದ ಕಂಬಗಳದು. ಆಗ ಶ್ರಾವಣ. ಕಟ್ಟಿಗೆ ಅಡ್ಡೆಯಿಂದ ತಂದ ತುಂಡುಗಳನ್ನು ಪಾರಿಶ್ವಾಡದ ನಮ್ಮ ಅಂಗಳದಲ್ಲಿ ಇಳಿಸಿದಾಗ ವೃದ್ಧ ಬಡಿಗೇರರು ಒಂದನ್ನು ಎತ್ತಿ ನೋಡಿ, “ಮಾಸ್ತರ, ಕಟಗಿ ಇನ್ನೂ ಹಸಿ ಐತ್ರಿ. ಒಂದ್ ಬ್ಯಾಸಗಿ ಕಳೀಲಿ. ಅಲ್ಲೀತನಕ ಯಾರದರ ಹಳೇ ತೊಟ್ಟಲಾ ತರ್ರಿ” ಎಂದರು.

ಎರವಲು ತೊಟ್ಟಿಲಿನಲ್ಲಿ ನಾಮಕರಣವೇ? ನನ್ನ ಹಮ್ಮು ಒಪ್ಪಲಿಲ್ಲ. ಬಾಚಿಕಾಯಕದ ಬಸವಯ್ಯನವರ ಹೆಸರು ಹೇಳಿ ಸಭೆಗಳಲ್ಲಿ ಕಾಯಕತತ್ತ್ವದ ಮೇಲೆ ಮಾತನಾಡಿದವನು, ನನ್ನ ಮನೆಯ ಬಡಿಗನ ಕಾಯಕಕ್ಕೆ ಬೇಕಾದ ಕಾಲವನ್ನೇ ಕೊಡಲಿಲ್ಲ.

ನಾಮಕರಣವೇನೋ ಸಾಂಗವಾಗಿ ನೆರವೇರಿತು. ಬೇಸಿಗೆ ಬಂದಿತು. ಒಂದು ರಾತ್ರಿ ತೂಗುತ್ತಿದ್ದಾಗ ಕಟ್ಟೆಂಬ ಸದ್ದಾಯಿತು. ಕಂಬವೊಂದು ತೂತಿನಿಂದ ಕಳಚಿ ತೊಟ್ಟಿಲು ವಾಲಿತು. ಸೊಸೆ ಕೂಸನ್ನು ಎತ್ತಿಕೊಂಡಳು. ಶಿವನ ಕೃಪೆ, ಏನೂ ಆಗಲಿಲ್ಲ. ಮರುದಿನ ಓಣಿಯವರೆಲ್ಲ ಬಡಿಗೇರರನ್ನೇ ದೂರಿದರು. ನಾನು ಸುಮ್ಮನೆ ಕುಳಿತಿದ್ದೆ.

ತಪ್ಪು ಅವರದಲ್ಲವೆಂಬುದನ್ನು ಆ ಕಂಬವೇ ತೋರಿಸಿತು. ಗುಂಡಗೆ ಕಡೆದಿದ್ದ ಅದರ ತುದಿ ಈಗ ಅಂಡಾಕಾರವಾಗಿತ್ತು. ಹಸಿಮರ ಎಲ್ಲ ಕಡೆಗೂ ಸಮನಾಗಿ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು. ತಿರುಳಿನಿಂದ ತೊಗಟೆಯ ದಿಕ್ಕಿಗೆ ಸ್ವಲ್ಪ. ವರ್ಷದ ಉಂಗುರಗಳ ಗುಂಟ ಅದರ ಸುಮಾರು ಇಮ್ಮಡಿ. ಒಂದೂವರೆ ಅಂಗುಲದ ತುದಿ ಒಂದು ಮಿಲಿಮೀಟರ್ ಕುಗ್ಗಿದರೂ ಸಾಕು, ಕೂಡಿಕೆ ಸಡಿಲಾಗುತ್ತದೆ.

ಎರಡನೆಯ ಸಲ ಬಡಿಗೇರರು ಹೇಳಿದಂತೆಯೇ ನಡೆದೆ. ತಿರುಳನ್ನು ಬಿಡಿಸಿ, ಬೇಕಾದ ಅಳತೆಗಿಂತ ದಪ್ಪವಾಗಿಯೇ ತುಂಡುಗಳನ್ನು ಸೀಳಿಸಿದೆವು; ಒಣಗಿದ ಮೇಲೆ ಕಡೆದು ಅಳತೆಗೆ ತರಬೇಕಲ್ಲ. ತೇವ ಬೇಗ ಹೊರಬೀಳುವುದು ತುದಿಗಳಿಂದ, ಸೀಳು ಬಿಡುವುದೂ ಅಲ್ಲಿಯೇ. ಆದ್ದರಿಂದ ಎರಡೂ ತುದಿಗಳಿಗೆ ಮೇಣ ಬಳಿದರು. ನೆಲದಿಂದ ಮೇಲಕ್ಕೆ, ನೆರಳಿನಲ್ಲಿ, ನಡುನಡುವೆ ಪಟ್ಟಿ ಇಟ್ಟು ಗಾಳಿಯಾಡುವಂತೆ ಪೇರಿಸಿದರು. ಬಿಸಿಲಿಗಿಟ್ಟರೆ ಬೇಗ ಒಣಗದೇ ಎಂದು ಕೇಳಿ ಬೈಸಿಕೊಂಡೆ. ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಅಂದಾಜಿನ ಲೆಕ್ಕ. ಮರದ ಜಾತಿ, ಹವೆಗಳಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ.

ಅಂದಾಜಿಗಿಂತ ತಕ್ಕಡಿ ಮೇಲು. ಒಂದು ಹೋಳು 130 ಗ್ರಾಂ ತೂಗಿ, ಒಲೆಯ ಶಾಖದಲ್ಲಿ ಪೂರ್ತಿ ಒಣಗಿದ ಮೇಲೆ 100 ಗ್ರಾಂ ಆದರೆ, ಒಣತೂಕದ ಲೆಕ್ಕಕ್ಕೆ ತೇವಾಂಶ ಶೇಕಡಾ 30. ಹೆಚ್ಚುಕಡಿಮೆ ಅಲ್ಲಿಂದ ಕೆಳಗಿಳಿದಾಗಲೇ ಮರ ಕುಗ್ಗತೊಡಗುವುದು. ಶೇಕಡಾ 12ರ ಆಸುಪಾಸಿಗೆ ಬಂದರೆ ಮನೆಯ ಸಾಮಾನಿಗೆ ಅಡ್ಡಿಯಿಲ್ಲ. ಹೋಳು ಕೊಯ್ಯದೆಯೂ ತಿಳಿಯಬಹುದು: ಒಂದೇ ತುಂಡನ್ನು ಆಗಾಗ ತೂಗುತ್ತ ಬರಬೇಕು, ತೂಕ ಇಳಿಯುವುದು ನಿಲ್ಲಬೇಕು. ಮಳೆಗಾಲದಲ್ಲಿ ನಿಂತಿತೆಂದು ನಂಬಬಾರದು. ಖಾನಾಪುರದ ಕಾಡಿನ ಕಡೆಯಿಂದ ಬರುವ ಆ ತಂಪುಗಾಳಿಯಲ್ಲಿ ಒಣಗಿದ ಕಟ್ಟಿಗೆಯೂ ಮತ್ತೆ ತೇವ ಹೀರುತ್ತದೆ.

ಪ್ರತಿ ಸೋಮವಾರ ಪೂಜೆಯಾದ ಮೇಲೆ ತೂಗಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದೆ. ಅಂಥದೊಂದು ಸೋಮವಾರ ಓಣಿಯ ನಾಲ್ವರು ಹಿರಿಯರನ್ನು ಕರೆದುಕೊಂಡು ಬಡಿಗೇರರ ಮನೆಗೆ ಹೋದೆ. ಅವಸರ ಮಾಡಿದವನು ನಾನು, ಅವರು ಬೇಡವೆಂದೇ ಹೇಳಿದ್ದರು ಎಂದು ಎಲ್ಲರೆದುರು ಹೇಳಿದೆ. ಅವರು ಬಾಚಿಯ ಬಾಯಿಯನ್ನು ಮಸೆಯುತ್ತಲೇ ಕೇಳಿಸಿಕೊಂಡರು. ತುಸು ಹೊತ್ತಾದ ಮೇಲೆ ತಲೆಯೆತ್ತಿ ಕೇಳಿದರು:

“ಈ ವಾರ ತೂಕ ಎಷ್ಟಾತ್ರಿ, ಮಾಸ್ತರ?”