ಹ್ಯಾಂಡಿಕ್ಯಾಮಿಗೊಂದು ಹೆಚ್ಚುವರಿ ಮಸೂರ

ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮನೆಯ ಮಿನಿ ಡಿವಿ ಕ್ಯಾಮ್‌ಕಾರ್ಡರನ್ನು ದುರಸ್ತಿ ಮಾಡಿಸಿಕೊಂಡು, ಅದಕ್ಕೆ ಯಾವ ಕನ್ವರ್ಟರ್ ಲೆನ್ಸ್ ಕೊಳ್ಳಬೇಕೆಂದು ಕೇಳಿದ್ದಾರೆ. ಮೊಬೈಲಿನಲ್ಲೇ ಅಗಲನೋಟದ ಮಸೂರವಿರುವ ಈ ದಿನಗಳಲ್ಲಿ ಇಂಥ ಪ್ರಶ್ನೆ ಬಂದದ್ದೇ ನನಗೆ ಸಂತೋಷ.

ಮೊದಲು ಕ್ಯಾಮೆರಾದ ಮೂತಿಯನ್ನು ನೋಡಬೇಕು. ಅಲ್ಲಿ 30, 37 ಅಥವಾ 43 ಮಿ.ಮೀ. ಎಂಬಂತೆ ತಿರುಪಿನ ಅಳತೆ ಬರೆದಿರುತ್ತದೆ. ಕನ್ವರ್ಟರಿನ ಅಳತೆ ಅದಕ್ಕೆ ಹೊಂದದಿದ್ದರೆ ನಡುವೆ ಒಂದು ಉಂಗುರ ಬೇಕಾಗುತ್ತದೆ. ಆಮೇಲೆ ಬರುವುದು ಗುಣಕದ ಲೆಕ್ಕ. ಇದ್ದಲ್ಲಿಂದ 7 ಅಡಿ ಅಗಲ ಕಾಣುತ್ತಿದ್ದರೆ 0.7ರ ಮಸೂರ ಹಾಕಿದಾಗ 10 ಅಡಿ ಕಾಣುತ್ತದೆ. 2ರ ಟೆಲಿ ಮಸೂರ ಹಾಕಿದರೆ ಮೂರೂವರೆ ಅಡಿಯಷ್ಟೇ. ಟೆಲಿ ದೂರದ್ದನ್ನು ಹಿಗ್ಗಿಸುವಂತೆ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಮುಕ್ಕಾಲಿಯಿಲ್ಲದೆ ಅದನ್ನು ಕೊಳ್ಳುವುದು ವ್ಯರ್ಥ. ಜೂಮ್ ಹಿಂದೆಳೆದರೆ ಚಿತ್ರದ ಮೂಲೆಗಳು ಕಪ್ಪಾಗುವುದೂ ಉಂಟು.

ನಮ್ಮ ಗೋಕಾಕ ಜಲಪಾತಕ್ಕೆ ಅಗಲನೋಟವೇ ಸರಿಯೆಂದು ಹಲವರು ಭಾವಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಘಟಪ್ರಭೆ ಸುಮಾರು 52 ಮೀಟರು ಧುಮುಕುವ ಆ ರಭಸ ಅಗಲ ಮಸೂರದಲ್ಲಿ ಕುಗ್ಗಿ, ಮನೆಯ ತೊಟ್ಟಿಯ ನೀರಿನಂತೆ ಕಾಣುತ್ತದೆ. ದೂರದಲ್ಲಿ ನಿಂತು ಟೆಲಿಯಿಂದ ತೂಗುಸೇತುವೆಯನ್ನೂ ಅದರ ಮೇಲೆ ಹೆಜ್ಜೆ ತಡವರಿಸುವ ಜನರನ್ನೂ ಹಿಡಿಯುವುದು ಮೇಲು. ಮಳೆಗಾಲದ ತುಂತುರಿನಲ್ಲಿ ಎರಡು ಗಾಜುಗಳ ನಡುವೆ ಮಂಜು ಕಟ್ಟುತ್ತದೆಂಬುದನ್ನೂ ನೆನಪಿಡಬೇಕು. ಹುಕ್ಕೇರಿಯ ಗುಮ್ಮಟಗಳಿಗೂ ಅಗ್ಗದ 0.45ರ ಮಸೂರ ಬೇಡ. ನೇರವಾದ ಗೋಡೆಗಳು ಪೀಪಾಯಿಯಂತೆ ಉಬ್ಬುತ್ತವೆ.

ಹಾಗಾದರೆ ಅಗಲ ಮಸೂರ ಯಾತಕ್ಕೆ? ನಮ್ಮ ಕಡೆಯ ಮನೆಗಳ ಒಳಗಿಗೆ. 2006ರಲ್ಲಿ ಮೂಡಲಗಿಯ ಮನೆಯಲ್ಲಿ ನನ್ನ ಅವ್ವ ಮತ್ತು ಅವಳ ತಂಗಿಯರಿಬ್ಬರು ಬೀಸುಕಲ್ಲಿನ ಸುತ್ತ ಕುಳಿತು ಹಾಡುವುದನ್ನು ಚಿತ್ರೀಕರಿಸಲು ಹೊರಟಾಗ ಪಡಸಾಲೆಯ ಗೋಡೆ ನನ್ನ ಬೆನ್ನಿಗೆ ತಾಗಿತ್ತು. ಚೌಕಟ್ಟಿನಲ್ಲಿ ಇಬ್ಬರಿಗಷ್ಟೇ ಸ್ಥಳ. ಒಬ್ಬಳು ಎತ್ತಿಕೊಟ್ಟ ಸೊಲ್ಲನ್ನು ಇನ್ನಿಬ್ಬರು ಹಿಡಿಯುವ ಹಾಡುಗಳವು, ಯಾರನ್ನು ಬಿಡುವುದು? 0.7ರ ಮಸೂರ ತಿರುಪಿದ ಮೇಲೆ ಮೂವರೂ ಒಳಗೆ ಬಂದರು. ಅಂಚಿನಲ್ಲಿ ಕುಳಿತ ಚಿಕ್ಕವ್ವನ ಮುಖ ತುಸು ಅಗಲಿಸಿತ್ತು. ಪರದೆಯಲ್ಲಿ ನೋಡಿ, "ಇಷ್ಟ್ ದಪ್ಪ ಯಾವಾಗ ಆದ್ನೋ ನಾ!" ಎಂದು ನಕ್ಕಿದ್ದಳು. ಆ ನಗೆಯೂ ಟೇಪಿನಲ್ಲಿದೆ. ಮೂವರೂ ಈಗಿಲ್ಲ.

ಆದ್ದರಿಂದ ನನ್ನ ಸಲಹೆ: 0.7ರದ್ದೊಂದು ಸಾಕು, ಜೂಮ್ ಮಾಡಿದರೂ ಫೋಕಸ್ ಕೆಡದಂಥದ್ದನ್ನು ಆರಿಸಿಕೊಳ್ಳಿ. ಅಂಗಡಿಯಲ್ಲೇ ಕ್ಯಾಮೆರಾಕ್ಕೆ ಹಾಕಿ, ನಾಲ್ಕು ಮೂಲೆಗಳನ್ನೂ ನೋಡಿ. ಅದಕ್ಕೂ ಮುನ್ನ ಮನೆಯಲ್ಲಿರುವ ಹಳೆಯ ಟೇಪುಗಳನ್ನು ಫೈರ್‌ವೈರ್ ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ದುರಸ್ತಿಯಾದ ಯಂತ್ರ ಎಷ್ಟು ದಿನ ಓಡೀತೆಂದು ಹೇಳಲಾಗದು.